ಎಚೆವೇರಿಯಾ ಕುಂಡಕ್ಕೆ ರೆಡಿಮಿಕ್ಸ್: ಮೂರು ಬಗೆಯ ಚೀಲಗಳ ವಿಮರ್ಶೆ

ದಪ್ಪ ಎಲೆ-ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳಿಗೆಂದು ‘ಕ್ಯಾಕ್ಟಸ್ ಮತ್ತು ಸಕ್ಯುಲೆಂಟ್ ಮಿಕ್ಸ್’ ಎಂದು ಬರೆದು ಮಾರುವ ಮಿಶ್ರಣದ ಚೀಲಗಳಲ್ಲಿ ಹೆಚ್ಚಿನವನ್ನು ನೇರವಾಗಿ ಕುಂಡಕ್ಕೆ ಸುರಿಯುವಂತಿಲ್ಲ. ಹಾಗೆಂದು ಎಸೆಯುವಂಥವೂ ಅಲ್ಲ. ಎಚೆವೇರಿಯಾ, ಗ್ರಾಪ್ಟೊಪೆಟಾಲಮ್, ಸೆಂಪರ್ವೈವಮ್, ಏಯೋನಿಯಮ್, ಹಾವರ್ಥಿಯಾದಂತೆ ಎಲೆಗಳನ್ನು ಹೂವಿನ ಎಸಳಿನ ಹಾಗೆ ಸುತ್ತಲೂ ಜೋಡಿಸಿಕೊಂಡು ಬೆಳೆಯುವ ‘ರೋಸೆಟ್’ ಗಿಡಗಳಿಗೆ ಯಾವ ಚೀಲ ತರಬೇಕು, ತಂದದ್ದನ್ನು ಎಷ್ಟು ತಿದ್ದಬೇಕು, ಯಾವುದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು ಎಂಬುದನ್ನು ಇಲ್ಲಿ ನೋಡೋಣ. ಬ್ರ್ಯಾಂಡ್ ಹೆಸರು ಹಿಡಿದು ಹೋಲಿಸಿ ಹೆಚ್ಚು ಪ್ರಯೋಜನವಿಲ್ಲ. ಒಂದೇ ಹೆಸರಿನ ಚೀಲದಲ್ಲೂ ಈ ಸಲ ಬಂದ ಸರಕು ಮುಂದಿನ ಸಲ ಬರುತ್ತದೆಂಬ ಖಾತರಿ ಇರುವುದಿಲ್ಲ. ಒಳಗೆ ಏನಿದೆ ಎಂಬುದರ ಮೇಲೆ ವಿಂಗಡಿಸಿದರೆ ಮೂರು ಬಗೆ ಸಿಗುತ್ತವೆ: ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮುಖ್ಯವಾಗಿರುವುದು, ಪೀಟ್ ಮಾಸ್‌ಗೆ (ಜೌಗು ನೆಲದಲ್ಲಿ ಅರೆಕೊಳೆತು ಕೂಡಿದ ಪಾಚಿ) ಮರಳು ಬೆರೆಸಿದ್ದು, ಮತ್ತು ಪ್ಯೂಮಿಸ್‌ನಂಥ (ತೂತುತೂತಾದ ಜ್ವಾಲಾಮುಖಿ ಕಲ್ಲು) ಕಲ್ಲುಕಾಳುಗಳ ‘ಗ್ರಿಟ್ಟಿ ಮಿಕ್ಸ್’.

ಮಿಶ್ರಣದ ಗುಣದೋಷ ರೋಸೆಟ್ ಗಿಡಗಳಲ್ಲಿ ಬೇಗ ಬಯಲಾಗುತ್ತದೆ. ಚೆನ್ನಾಗಿ ಬೆಳೆದ ಎಚೆವೇರಿಯಾ ಕುಂಡದ ಬಾಯಿಯನ್ನೇ ಮುಚ್ಚಳದ ಹಾಗೆ ಮುಚ್ಚಿಬಿಡುತ್ತದೆ. ಮೇಲ್ಮಣ್ಣಿಗೆ ಬಿಸಿಲು ತಾಗುವುದಿಲ್ಲ, ಗಾಳಿ ಆಡುವುದಿಲ್ಲ, ಹಾಗಾಗಿ ಆವಿಯಾಗುವ ನೀರು ತೀರಾ ಕಡಿಮೆ. ಗಿಡವಾದರೂ ಹೀರಿಕೊಂಡೀತೇ ಅಂದರೆ, ಇವು ಎಲೆರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುವ ಜಾತಿ. ನೀರನ್ನು ಕಳೆದುಕೊಳ್ಳುವುದೂ ಕಡಿಮೆ, ಎಳೆದುಕೊಳ್ಳುವುದೂ ಕಡಿಮೆ. ನೆಟ್ಟಗೆ ಕವಲೊಡೆದು ಬೆಳೆಯುವ ಜೇಡ್ ಗಿಡದ ಕುಂಡದಲ್ಲಿ ವಾರದೊಳಗೆ ಒಣಗುವ ಮಿಶ್ರಣ, ಅಷ್ಟೇ ದೊಡ್ಡ ಕುಂಡದಲ್ಲಿ ಎಚೆವೇರಿಯಾದ ಅಡಿಯಲ್ಲಿ ಇನ್ನೂ ಎಷ್ಟೋ ದಿನ ಹಸಿಯಾಗಿಯೇ ಇರಬಹುದು. ಕಾಡು ಎಚೆವೇರಿಯಾಗಳಲ್ಲಿ ಬಹುಪಾಲು ಮೆಕ್ಸಿಕೋದ ಬೆಟ್ಟಗುಡ್ಡಗಳವು. ಎಷ್ಟೋ ಪ್ರಭೇದಗಳು ಕಡಿದಾದ ಬಂಡೆಯ ಬಿರುಕಿನಲ್ಲಿ ಸಿಕ್ಕ ಹಿಡಿಯಷ್ಟು ಎಲೆಗೊಬ್ಬರದಲ್ಲಿ ಬೇರು ಬಿಟ್ಟಿರುತ್ತವೆ. ಅಲ್ಲಿ ನೀರು ಬರುತ್ತದೆ, ಹರಿದು ಹೋಗುತ್ತದೆ, ಬೇರಿನ ಸುತ್ತ ಗಾಳಿ ಉಳಿಯುತ್ತದೆ. ಚೀಲದ ಮಿಶ್ರಣ ಮಾಡಿಕೊಡಬೇಕಾದ ಕೆಲಸವೂ ಇದೇ.

ಮೊದಲು ಅತಿ ಸುಲಭವಾಗಿ ಸಿಗುವ ಕೋಕೋಪೀಟ್ ಚೀಲ. ಬಿಚ್ಚಿದರೆ ಕಂದು ಬಣ್ಣದ ಹಗುರ ಪುಡಿ, ನಡುನಡುವೆ ಪರ್ಲೈಟ್ ಎಂಬ, ಶಾಖದಲ್ಲಿ ಅರಳಿಸಿದ ಹಗುರ ಬಿಳಿ ಕಾಳು, ಜೊತೆಗೆ ಎರೆಗೊಬ್ಬರ, ಕೆಲವೊಮ್ಮೆ ಬೇವಿನ ಹಿಂಡಿ. ನೋಡಲು ಚೆಂದ, ಕೈಗೆ ಮೃದು. ಆ ಮೃದುತನದಲ್ಲೇ ತೊಂದರೆ ಇರುವುದು. ಹಿಡಿಯಷ್ಟು ತೆಗೆದು ಒದ್ದೆ ಮಾಡಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ, ಬಿಡಿ. ಉಂಡೆ ಹಾಗೇ ನಿಂತರೆ, ಬೆರಳಿನಿಂದ ತಟ್ಟಿದರೂ ಒಡೆಯದಿದ್ದರೆ, ಅದು ಸೊಪ್ಪು-ತರಕಾರಿಯ ಕುಂಡಕ್ಕೆ ಸರಿ, ಎಚೆವೇರಿಯಾಕ್ಕೆ ಅಲ್ಲ. ಪರ್ಲೈಟ್ ಇದೆಯಲ್ಲ ಎಂದು ಸಮಾಧಾನಪಡಬೇಡಿ. ಮಿಶ್ರಣದ ಐದನೇ ಒಂದು ಪಾಲು ಪರ್ಲೈಟ್ ಇದ್ದರೆ ಆ ಕಾಳುಗಳು ಪುಡಿಯೊಳಗೆ ಒಂದಕ್ಕೊಂದು ತಾಗದೆ ಹೂತುಹೋಗಿರುತ್ತವೆ. ಕಾಳು ಕಾಳಿಗೆ ತಾಗಿ ನಡುವೆ ಖಾಲಿ ಜಾಗ ಉಳಿದಾಗ ಮಾತ್ರ ನೀರು ಇಳಿಯುವ ದಾರಿ ಆಗುತ್ತದೆ. ಅದಕ್ಕೆ ಕಾಳಿನ ಪಾಲು ಅರ್ಧಕ್ಕಿಂತ ಹೆಚ್ಚಿರಬೇಕು.

ಕೋಕೋಪೀಟ್‌ನ ಇನ್ನೊಂದು ಸಮಸ್ಯೆ ಉಪ್ಪು. ತೆಂಗಿನ ನಾರಿನ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಇರುತ್ತವೆ. ಚೆನ್ನಾಗಿ ತೊಳೆಯದ ಸರಕಾದರೆ ಬೇರಿನ ತುದಿ ಸುಡುತ್ತದೆ. ಇದಲ್ಲದೆ ಕೋಕೋಪೀಟ್ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾನೇ ಹಿಡಿದಿಟ್ಟುಕೊಂಡು ಅದರ ಬದಲು ಸೋಡಿಯಂ, ಪೊಟ್ಯಾಸಿಯಂ ಬಿಟ್ಟುಕೊಡುತ್ತದೆ. ‘ತೊಳೆದು ಬಫರ್ ಮಾಡಿದ್ದು’ ಎಂದು ಬರೆದಿದ್ದರೆ ಕ್ಯಾಲ್ಸಿಯಂ ದ್ರಾವಣದಲ್ಲಿ ನೆನೆಸಿ ಈ ಅದಲುಬದಲನ್ನು ಮೊದಲೇ ಮುಗಿಸಿದ್ದಾರೆ ಎಂದರ್ಥ, ಅಂಥದನ್ನೇ ಆರಿಸಿ. ಬರೆಯದಿದ್ದರೆ ಬಕೆಟ್‌ನಲ್ಲಿ ನೆನೆಸಿ, ಹಿಂಡಿ, ನೀರು ಚೆಲ್ಲಿ, ಮತ್ತೆ ನೆನೆಸಿ. ಮೊದಲ ನೀರು ಕಡು ಚಹಾ ಬಣ್ಣದಲ್ಲಿ ಇರುತ್ತದೆ, ಅದು ತಿಳಿಯಾಗುವವರೆಗೆ ಮಾಡಿ. ಹೀಗೆ ತೊಳೆದರೆ ಕರಗುವ ಉಪ್ಪು ಹೋಗುತ್ತದೆ, ಆದರೆ ನಾರಿಗೆ ಅಂಟಿಕೊಂಡಿರುವುದು ಹೋಗುವುದಿಲ್ಲ.

ಇಷ್ಟಾದರೂ ಈ ಚೀಲವನ್ನು ತಿದ್ದಿ ಬಳಸಬಹುದು, ತಿದ್ದಿದರೆ ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಮೊದಲು 2 ಮಿ.ಮೀ. ಕಣ್ಣಿನ ಜರಡಿಯಲ್ಲಿ ಆಡಿಸಿ, ಕೆಳಗೆ ಬಿದ್ದ ದೂಳನ್ನು ಬೇರೆ ಗಿಡಗಳಿಗೆ ಇಟ್ಟುಕೊಳ್ಳಿ. ಮೇಲೆ ಉಳಿದದ್ದರ ಒಂದು ಪಾಲಿಗೆ 3ರಿಂದ 6 ಮಿ.ಮೀ. ಗಾತ್ರದ ಪ್ಯೂಮಿಸ್, ದಪ್ಪ ಪರ್ಲೈಟ್, ಲಾವಾ ಕಲ್ಲು ಅಥವಾ ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು, ಯಾವುದಾದರೂ ಎರಡು ಪಾಲು ಬೆರೆಸಿ. ಇಟ್ಟಿಗೆಯನ್ನು ಜಜ್ಜಿದ ಮೇಲೆ ಕೆಂಪು ಹುಡಿ ಪೂರ್ತಿ ಹೋಗುವಂತೆ ತೊಳೆಯಬೇಕು, ಇಲ್ಲದಿದ್ದರೆ ಅದೇ ಕೆಸರಾಗಿ ತಳಕ್ಕೆ ಕೂರುತ್ತದೆ. ಕಟ್ಟಡದ ಸಣ್ಣ ಮರಳನ್ನು ಮಾತ್ರ ಬೆರೆಸಬೇಡಿ. ಮರಳು ಹಾಕಿದರೆ ನೀರು ಇಳಿಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ ಸಣ್ಣ ಮರಳು ಕಾಳುಗಳ ನಡುವಿನ ಖಾಲಿ ಜಾಗವನ್ನೇ ತುಂಬುತ್ತದೆ, ಮಿಶ್ರಣ ಮೊದಲಿಗಿಂತ ಬಿಗಿಯಾಗುತ್ತದೆ.

ಯಾವ ಚೀಲವೇ ಆಗಲಿ, ಗಿಡ ನೆಡುವ ಮುಂಚೆ ಗಾಳಿಯ ಪಾಲು ಅಳೆಯುವುದು ಒಳ್ಳೆಯದು. ಇದಕ್ಕೆ ಅಳತೆಯ ಲೋಟ, ಟೇಪು ಮತ್ತು ಗಿಡ ನೆಡಬೇಕೆಂದಿರುವ ಅದೇ ಕುಂಡ ಸಾಕು. ಕುಂಡದ ತೂತುಗಳನ್ನು ಟೇಪಿನಿಂದ ಮುಚ್ಚಿ ಬಾಯಿವರೆಗೆ ನೀರು ತುಂಬಿ, ಎಷ್ಟು ಹಿಡಿಯಿತೆಂದು ಅಳೆದುಕೊಳ್ಳಿ, 500 ಮಿ.ಲೀ. ಎಂದಿಟ್ಟುಕೊಳ್ಳೋಣ. ನೀರು ಚೆಲ್ಲಿ, ಒದ್ದೆ ಮಾಡಿ ಆರಿಸಿದ ಮಿಶ್ರಣವನ್ನು ತುಂಬಿ, ಎರಡು ಮೂರು ಸಲ ಕುಟ್ಟಿ ಕೂರಿಸಿ. ಮೇಲ್ಮೈಯಲ್ಲಿ ನೀರು ಕಾಣುವವರೆಗೆ ನಿಧಾನವಾಗಿ ಸುರಿದು ಅರ್ಧ ಗಂಟೆ ಬಿಡಿ, ಇಳಿದಷ್ಟನ್ನು ಮತ್ತೆ ತುಂಬಿ. ಆಮೇಲೆ ಟೇಪು ಕಿತ್ತು, ಸೋರಿದ ನೀರನ್ನೆಲ್ಲ ಪಾತ್ರೆಯಲ್ಲಿ ಹಿಡಿದು ಅಳೆಯಿರಿ. ಆ ನೀರು ಖಾಲಿ ಮಾಡಿದ ಜಾಗವೇ ಬೇರಿಗೆ ಗಾಳಿ ಸಿಗುವ ಜಾಗ. 500 ಮಿ.ಲೀ. ಕುಂಡದಿಂದ 125 ಮಿ.ಲೀ. ಅಥವಾ ಹೆಚ್ಚು ಸೋರಿದರೆ, ಅಂದರೆ ಕಾಲು ಭಾಗ ದಾಟಿದರೆ, ಎಚೆವೇರಿಯಾಕ್ಕೆ ಧೈರ್ಯವಾಗಿ ಬಳಸಿ. 75 ಮಿ.ಲೀ. ಆಸುಪಾಸಿನಲ್ಲಿ ನಿಂತರೆ ಕಾಳು ಇನ್ನೂ ಬೇಕು.

ಈ ಅಳತೆಯನ್ನು ಅದೇ ಕುಂಡದಲ್ಲಿ ಮಾಡಬೇಕು ಎನ್ನುವುದಕ್ಕೆ ಕಾರಣವಿದೆ. ನೀರೆಲ್ಲ ಸೋರಿ ನಿಂತ ಮೇಲೂ ಕುಂಡದ ತಳದಲ್ಲಿ ಒಂದು ಪದರ ಪೂರ್ತಿ ನೆಂದೇ ಇರುತ್ತದೆ. ಸಣ್ಣ ಕಣಗಳ ನಡುವಿನ ಸಂದು ನೀರನ್ನು ಹಿಡಿದು ಕೆಳಗೆ ಬಿಡುವುದಿಲ್ಲ. ಈ ಪದರ ಎಷ್ಟು ಎತ್ತರ ಇರುತ್ತದೆ ಎಂಬುದನ್ನು ತೀರ್ಮಾನಿಸುವುದು ಕಣದ ಗಾತ್ರ, ಕುಂಡದ ಆಳವಲ್ಲ. ಕಣ ಸಣ್ಣದಾದಷ್ಟೂ ಪದರ ಎತ್ತರ. ಹಾಗಾಗಿ 12 ಸೆಂ.ಮೀ. ಆಳದ ಕುಂಡದಲ್ಲಿ ಬೇರಿಗೆ ತಾಗದೆ ಕೆಳಗೇ ಉಳಿಯುವ ತೇವ, ಅದೇ ಮಿಶ್ರಣ ತುಂಬಿದ 5 ಸೆಂ.ಮೀ. ಆಳದ ಅಗಲ ಬಟ್ಟಲಿನಲ್ಲಿ ಬೇರಿನ ನಡುವೆಯೇ ಇರುತ್ತದೆ. ಚಿತ್ರಗಳಲ್ಲಿ ಬಹಳ ಚೆಂದ ಕಾಣುವ ತಟ್ಟೆತೋಟಗಳು ಕೊಳೆಯುವುದಕ್ಕೆ ಇದೇ ಮುಖ್ಯ ಕಾರಣ. ತಳಕ್ಕೆ ಜಲ್ಲಿ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನೂ ನಂಬಬೇಡಿ. ಜಲ್ಲಿ ಹಾಕಿದಾಗ ನೆಂದ ಪದರ ಜಲ್ಲಿಯ ಮೇಲಕ್ಕೆ, ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಬರುತ್ತದೆ.

ಎರಡನೇ ಬಗೆ, ಪೀಟ್ ಮಾಸ್ ಮತ್ತು ಮರಳಿನ ಚೀಲ. ಮೂರರಲ್ಲಿ ಇದನ್ನೇ ಕೊನೆಯ ಆಯ್ಕೆ ಎನ್ನಬೇಕು. ಪೀಟ್ ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಒಳಗೆ ಬಿಡುವುದೇ ಇಲ್ಲ. ಸಕ್ಯುಲೆಂಟ್ ಕುಂಡವನ್ನು ನಾವು ಬೇಕೆಂದೇ ಒಣಗಿಸುತ್ತೇವೆ, ಹಾಗಾಗಿ ಈ ದೋಷ ಪ್ರತಿ ಸಲವೂ ಎದುರಾಗುತ್ತದೆ. ಬೇರಿನ ಸುತ್ತ ಒಣಗಿದ ಮಿಶ್ರಣದ ಗಡ್ಡೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಸುರಿದ ನೀರು ಆ ಸಂದಿನಲ್ಲಿ ಜಾರಿ ತಳದಿಂದ ಹೊರಬರುತ್ತದೆ. ನೀರು ಚೆನ್ನಾಗಿ ಇಳಿಯುತ್ತಿದೆ ಎಂದುಕೊಳ್ಳುತ್ತೇವೆ, ಗಡ್ಡೆಯ ಒಳಭಾಗ ಮಾತ್ರ ಪುಡಿಪುಡಿ ಒಣಗಿರುತ್ತದೆ. ಇಂಥ ಕುಂಡವನ್ನು ಎಲೆಗಳು ನೆನೆಯದಂತೆ ಕುಂಡದ ಅರ್ಧ ಎತ್ತರದವರೆಗೆ ನೀರಿರುವ ತೊಟ್ಟಿಯಲ್ಲಿ 20-30 ನಿಮಿಷ ಇಟ್ಟು ಕೆಳಗಿನಿಂದ ನೀರು ಕುಡಿಸಬೇಕು. ನರ್ಸರಿಯಿಂದ ಬಂದ ಗಿಡಗಳೂ ಹೆಚ್ಚಾಗಿ ಪೀಟ್ ಇಲ್ಲವೇ ಕೋಕೋಪೀಟ್ ಗಡ್ಡೆಯಲ್ಲೇ ಇರುತ್ತವೆ. ಆ ಗಡ್ಡೆಯನ್ನು ಹಾಗೇ ಉಳಿಸಿ ಸುತ್ತ ಕಲ್ಲುಕಾಳಿನ ಮಿಶ್ರಣ ತುಂಬಿದರೆ ಹೊರಗೆ ಒಣಗುತ್ತದೆ, ಒಳಗೆ ಹಸಿ ಹಾಗೇ ಉಳಿಯುತ್ತದೆ. ಬುಡದ ಕೊಳೆ ಅಲ್ಲಿಂದಲೇ ಶುರು.

ಮೂರನೆಯದು ಗ್ರಿಟ್ಟಿ ಮಿಕ್ಸ್. ಚೀಲ ಎತ್ತಿದಾಗಲೇ ವ್ಯತ್ಯಾಸ ತಿಳಿಯುತ್ತದೆ. ಸುರಿದರೆ ಕಾಳುಗಳು ಸದ್ದು ಮಾಡುತ್ತವೆ, ಹಿಂಡಿದರೆ ಉಂಡೆ ಕಟ್ಟುವುದಿಲ್ಲ. ಒಳ್ಳೆಯ ಚೀಲದಲ್ಲಿ ಕಾಳಿನ ಗಾತ್ರ ಬರೆದಿರುತ್ತಾರೆ. 3-6 ಮಿ.ಮೀ. ಎಂದಿದ್ದರೆ ತೆಗೆದುಕೊಳ್ಳಿ, 0-6 ಎಂದಿದ್ದರೆ ದೂಳನ್ನೂ ತೂಗಿ ಕೊಡುತ್ತಿದ್ದಾರೆ ಎಂದು ತಿಳಿಯಿರಿ. ಒಳಗಿನ ಸಾಮಾನುಗಳ ಪೈಕಿ ಪ್ಯೂಮಿಸ್‌ಗೆ ಮೊದಲ ಸ್ಥಾನ. ಕಾಳಿನ ಮೈಯಲ್ಲಿರುವ ತೂತುಗಳಲ್ಲಿ ಸ್ವಲ್ಪ ನೀರು ಹಿಡಿದಿಡುತ್ತದೆ, ಕಾಳುಗಳ ನಡುವೆ ಗಾಳಿ ಉಳಿಸುತ್ತದೆ, ವರ್ಷಗಟ್ಟಲೆ ಪುಡಿಯಾಗುವುದಿಲ್ಲ. ಪರ್ಲೈಟ್ ಜ್ವಾಲಾಮುಖಿಯ ಗಾಜನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರಳಿಸಿದ್ದು. ಕೆಲಸ ಹೆಚ್ಚುಕಡಿಮೆ ಅದೇ, ಆದರೆ ಹಗುರವಾದ್ದರಿಂದ ನೀರು ಹಾಕಿದಾಗಲೆಲ್ಲ ಮೇಲೆ ತೇಲಿ ಬರುತ್ತದೆ, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅದರ ದೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಚೀಲ ಬಿಚ್ಚುವ ಮೊದಲೇ ಒಂದು ತೂತು ಮಾಡಿ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡೇ ಬೆರೆಸಿ. ಅಕಡಾಮಾ ಎಂಬ ಜಪಾನಿನ ಜೇಡಿಕಾಳು ತೇವ ಇದ್ದಾಗ ಗಾಢ, ಒಣಗಿದಾಗ ತಿಳಿ ಬಣ್ಣಕ್ಕೆ ತಿರುಗುತ್ತದೆ. ನೀರು ಯಾವಾಗ ಹಾಕಬೇಕೆಂದು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಕಾಲಕ್ರಮೇಣ ಮೆತ್ತಗಾಗಿ ಒಡೆಯುತ್ತದೆ ಎಂಬುದು ಅದರ ಕೊರತೆ. ವರ್ಮಿಕ್ಯುಲೈಟ್ ಇರುವ ಚೀಲ ಬೇಡ. ಅದು ಪದರಪದರವಾಗಿ ನೀರು ಹಿಡಿದಿಡುವ ವಸ್ತು, ಬೀಜದ ತಟ್ಟೆಗೆ ಸರಿ.

ಗ್ರಿಟ್ಟಿ ಮಿಕ್ಸ್‌ಗೂ ಅದರದೇ ತೊಡಕುಗಳಿವೆ, ಮಾರುವವರು ಇವನ್ನು ಹೇಳುವುದು ಕಡಿಮೆ. ಹೊಸದಾಗಿ ನೆಟ್ಟ ಗಿಡ ಕಾಳಿನ ನಡುವೆ ಅಲುಗಾಡುತ್ತದೆ, ಬೇರು ಹಿಡಿಯುವವರೆಗೆ ನಾಲ್ಕು ದೊಡ್ಡ ಕಲ್ಲಿನ ಆಸರೆ ಬೇಕು. ಪೋಷಕಾಂಶ ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಬೆಳೆಯುವ ಕಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ, ಡಬ್ಬಿಯ ಮೇಲೆ ಹೇಳಿದ್ದರ ಕಾಲು ಭಾಗದಷ್ಟು ತೆಳುವಾದ ಗೊಬ್ಬರದ ನೀರು ಕೊಡಬೇಕು. ಸಾರಜನಕ ಹೆಚ್ಚಿದ್ದರೆ ಎಲೆ ಉಬ್ಬಿ, ಬಣ್ಣ ಹೋಗಿ, ರೋಸೆಟ್ ಬಿಡಿಬಿಡಿಯಾಗುತ್ತದೆ. ಗಡಸು ನೀರಾದರೆ ಕಾಳಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಆಗಾಗ ಕುಂಡದ ಎರಡರಷ್ಟು ನೀರು ಹಾಯಿಸಿ ತೊಳೆಯಬೇಕು. ಬಿಸಿಲು ಜೋರಾಗಿರುವ ಕಡೆ ಚಿಕ್ಕ ಕುಂಡಗಳು ಎರಡು ಮೂರು ದಿನಕ್ಕೇ ಒಣಗುತ್ತವೆ. ನೀರು ಹಾಕಲು ಮರೆಯುವವರು ಅದನ್ನು ಮಣ್ಣಿನ ಕುಂಡದಲ್ಲಿ ತುಂಬಬಾರದು, ಪ್ಲಾಸ್ಟಿಕ್ ಅಥವಾ ಮೆರುಗಿನ ಕುಂಡವೇ ಸರಿ. ಪದೇಪದೇ ನೀರು ಹಾಕುವ ಕೈಯವರಿಗೆ, ಮಳೆಗೆ ತೆರೆದ ಜಾಗದಲ್ಲಿ ಕುಂಡ ಇಡುವವರಿಗೆ ಇದೇ ಚೀಲ, ಮಣ್ಣಿನ ಕುಂಡದೊಂದಿಗೆ.

ಎಲ್ಲ ರೋಸೆಟ್‌ಗಳಿಗೂ ಒಂದೇ ಅನುಪಾತ ಸಾಲದು. ಎಚೆವೇರಿಯಾ ಲಾವಿಯಂಥ, ಎಲೆಯ ಮೇಲೆ ದಪ್ಪ ಬಿಳಿ ಮೇಣದ ಹುಡಿ ಇರುವವು ಅತಿ ಸೂಕ್ಷ್ಮ. ಅವಕ್ಕೆ ಗ್ರಿಟ್ಟಿ ಮಿಕ್ಸ್ ಹಾಗೇ ಇರಲಿ, ಹೆಚ್ಚೆಂದರೆ ಹತ್ತು ಪಾಲಿಗೆ ಒಂದು ಪಾಲು ಕೋಕೋಪೀಟ್ ಸೇರಿದರೆ ಸಾಕು. ‘ಪರ್ಲೆ ಫಾನ್ ನ್ಯೂರ್ನ್‌ಬರ್ಗ್’ನಂಥ ಗಟ್ಟಿ ಮಿಶ್ರತಳಿಗಳು ಕೋಕೋಪೀಟ್ ಒಂದಕ್ಕೆ ಕಾಳು ಎರಡರ ಮಿಶ್ರಣದಲ್ಲಿ ಚೆನ್ನಾಗಿರುತ್ತವೆ. ಏಯೋನಿಯಮ್ ಬೇರೆಯೇ ಸ್ವಭಾವದ್ದು. ಕ್ಯಾನರಿ ದ್ವೀಪಗಳ ಕಡೆಯ ಈ ಗಿಡ ತಂಪಿನ ಕಾಲದಲ್ಲಿ ಬೆಳೆದು ಬೇಸಿಗೆಯಲ್ಲಿ ಸುಳಿ ಮುಚ್ಚಿ ಮಲಗುತ್ತದೆ, ಬೇರು ನವಿರು. ಪೂರ್ತಿ ಕಲ್ಲುಕಾಳಿನಲ್ಲಿ ಬಳಲುತ್ತದೆ, ಅದಕ್ಕೆ ಕೋಕೋಪೀಟ್ ಮತ್ತು ಕಾಳು ಸಮಪಾಲು ಇದ್ದರೆ ಒಳ್ಳೆಯದು. ಹಾವರ್ಥಿಯಾಕ್ಕೂ ಸಮಪಾಲು, ಆದರೆ ಅದರ ಬೇರು ದಪ್ಪ, ಉದ್ದ, ಕುಂಡ ಆಳವಾಗಿರಲಿ. ಸೆಂಪರ್ವೈವಮ್ ಯುರೋಪಿನ ಬೆಟ್ಟಗಳ ಗಿಡ, ಚಳಿಗೆ ಅಂಜದು. ಸೆಖೆ ಮತ್ತು ತೇವ ಒಟ್ಟಿಗೆ ಬಂದರೆ ಮಾತ್ರ ಯಾವ ಮಿಶ್ರಣವೂ ಅದನ್ನು ಉಳಿಸಲಾರದು.

ನೆಡುವ ಕ್ರಮ ಹೀಗಿರಲಿ. ಗಿಡದ ಹಳೆಯ ಗಡ್ಡೆಯನ್ನು ಒಣಗಲು ಬಿಟ್ಟು, ಬೆರಳಿನಿಂದ ಸಡಿಲಿಸಿ ಉದುರಿಸಿ. ಎಲೆಯ ಮೇಲಿನ ಬಿಳಿ ಹುಡಿಗೆ ಕೈ ತಾಗಿಸಬೇಡಿ, ಒಮ್ಮೆ ಒರೆಸಿಹೋದರೆ ಆ ಎಲೆಯಲ್ಲಿ ಮತ್ತೆ ಬರುವುದಿಲ್ಲ, ಕಾಂಡವನ್ನೇ ಹಿಡಿಯಿರಿ. ಬೇರಿನಲ್ಲಿ ಬಿಳಿ ಹತ್ತಿಯಂಥ ಕಲೆ ಕಂಡರೆ ಅದು ಬೇರಿನ ಹಿಟ್ಟು ತಿಗಣೆ. ಬೇರನ್ನು ನೀರಿನಲ್ಲಿ ತೊಳೆದು, ಸೋಂಕಿದ ಭಾಗ ಕತ್ತರಿಸಿ, ಹಳೆಯ ಮಿಶ್ರಣವನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ, ಬೇರೆ ಕುಂಡಕ್ಕೆ ಸೇರಿಸಬೇಡಿ. ಹೊಸ ಕುಂಡ ರೋಸೆಟ್‌ನ ಅಗಲಕ್ಕಿಂತ 1-2 ಸೆಂ.ಮೀ. ಮಾತ್ರ ದೊಡ್ಡದಿರಲಿ. ಕೆಳಗಿನ ಒಣ ಎಲೆಗಳನ್ನು ಕಿತ್ತು, ಕಾಂಡ ಮುಚ್ಚುವಷ್ಟು ಮಿಶ್ರಣ ತುಂಬಿ, ಮೇಲೆ 1 ಸೆಂ.ಮೀ. ಕಲ್ಲುಕಾಳು ಹಾಸಿ. ಎಲೆಗಳು ಹಸಿ ಪುಡಿಗೆ ತಾಗದಂತೆ ಈ ಹಾಸು ನೋಡಿಕೊಳ್ಳುತ್ತದೆ. ಬೇರಿನ ಗಾಯ ಮಾಯಲು 5-7 ದಿನ ನೀರು ಹಾಕಬೇಡಿ. ಆಮೇಲೆ ತಳದಿಂದ ಸೋರುವವರೆಗೆ ಧಾರಾಳವಾಗಿ ಹಾಕಿ, ಸುಳಿಯಲ್ಲಿ ನೀರು ನಿಂತರೆ ಊದಿ ತೆಗೆಯಿರಿ. ಮುಂದಿನ ಸಲ ಯಾವಾಗ ಎಂಬುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ. ತೂತಿನ ಮೂಲಕ ಬಿದಿರಿನ ಕಡ್ಡಿ ತೂರಿಸಿ, ಐದು ನಿಮಿಷ ಬಿಟ್ಟು ತೆಗೆದಾಗ ಕಡ್ಡಿ ಒಣಗಿದ್ದರೆ, ಕೆಳಗಿನ ಎಲೆ ಒತ್ತಿದಾಗ ಸ್ವಲ್ಪ ಮೆತ್ತಗಿದ್ದರೆ ನೀರು ಕೊಡಿ.

ಚೀಲ ಕೈಕೊಟ್ಟಿದೆ ಎಂಬ ಸುದ್ದಿಯನ್ನು ಕೆಳಗಿನ ಎಲೆಗಳೇ ತಿಳಿಸುತ್ತವೆ. ತುದಿಯಿಂದ ಒಣಗುತ್ತಾ ಕಾಗದದಂತಾಗಿ ಉದುರುವುದು ಸಹಜ, ಗಿಡ ಹಳೆಯ ಎಲೆಯನ್ನು ಬಿಡುತ್ತಿದೆ. ಹಳದಿ ತಿರುಗಿ, ಬೆಳಕು ಹಾಯುವಷ್ಟು ಪಾರದರ್ಶಕವಾಗಿ, ಮುಟ್ಟಿದರೆ ಕಳಚುವ ಎಲೆ ಬೇರು ಕೊಳೆಯುತ್ತಿರುವುದರ ಗುರುತು. ಆಗ ಮಿಶ್ರಣ ಒಣಗುತ್ತದೆಂದು ಕಾಯಬಾರದು. ಚೂಪಾದ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ ರೋಸೆಟ್‌ನ ಕೆಳಗೆ ಕಾಂಡ ಕತ್ತರಿಸಿ. ಕತ್ತರಿಸಿದ ಜಾಗದ ನಡುವೆ ಕಂದು ಅಥವಾ ಕಪ್ಪು ಉಂಗುರ ಕಂಡರೆ ಇನ್ನೂ ಮೇಲಕ್ಕೆ, ಅದು ಪೂರ್ತಿ ಹಸಿರು-ಬಿಳಿ ಆಗುವವರೆಗೆ, ಪ್ರತಿ ಸಲವೂ ಬ್ಲೇಡ್ ಒರೆಸಿಕೊಂಡು ಕತ್ತರಿಸುತ್ತಾ ಹೋಗಿ. ನೆರಳಿನಲ್ಲಿ 4-7 ದಿನ ಬಿಟ್ಟರೆ ಗಾಯ ಒಣಗಿ ಗಟ್ಟಿಯಾಗುತ್ತದೆ. ಒಣ ಗ್ರಿಟ್ಟಿ ಮಿಕ್ಸ್ ಮೇಲೆ ಕೂರಿಸಿಡಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಬೇರು ಬರುತ್ತದೆ.

ಕಾಂಡ ಉದ್ದವಾಗಿ, ಎಲೆಗಳು ಕೆಳಗೆ ಬಾಗಿ, ನಡುವೆ ಅಂತರ ಬಿದ್ದರೆ ತಪ್ಪು ಚೀಲದ್ದಲ್ಲ, ಬೆಳಕಿನ ಕೊರತೆಯದು. ನೆರಳಿನ ಗಿಡವನ್ನು ಒಮ್ಮೆಗೇ ಬಿಸಿಲಿಗೆ ಇಡದೆ ಹತ್ತು ಹದಿನೈದು ದಿನದಲ್ಲಿ ಸ್ವಲ್ಪಸ್ವಲ್ಪವೇ ಒಗ್ಗಿಸಬೇಕು. ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ತಲೆ ಕತ್ತರಿಸಿ ಹೊಸದಾಗಿ ಬೇರು ಬರಿಸುವುದೊಂದೇ ದಾರಿ. ಉಳಿದ ಬುಡದಲ್ಲಿ ನಾಲ್ಕಾರು ಎಲೆ ಬಿಟ್ಟರೆ ಅಲ್ಲಿಯೂ ಮರಿ ಒಡೆಯುತ್ತವೆ.

ಕೊಳ್ಳುವ ಮಾತಿಗೆ ಬಂದರೆ, ಐದಾರು ಗಿಡ ಇರುವವರಿಗೆ ಚಿಕ್ಕ ಗ್ರಿಟ್ಟಿ ಮಿಕ್ಸ್ ಚೀಲವೇ ಸಾಕು. 10 ಸೆಂ.ಮೀ. ಕುಂಡಕ್ಕೆ ಸುಮಾರು ಅರ್ಧ ಲೀಟರ್ ಹಿಡಿಯುತ್ತದೆ, 5 ಲೀಟರಿನಲ್ಲಿ ದೂಳು ಕಳೆದು ಎಂಟು ಒಂಬತ್ತು ಕುಂಡ ತುಂಬುತ್ತವೆ. ಗಿಡಗಳು ಹೆಚ್ಚಿದ್ದರೆ ಬಫರ್ ಮಾಡಿದ ಕೋಕೋಪೀಟ್ ಮತ್ತು ಪ್ಯೂಮಿಸ್ ಬೇರೆಬೇರೆ ತಂದು ಬೆರೆಸಿಕೊಳ್ಳುವುದು ಮೇಲು. ಪೀಟ್-ಮರಳಿನ ಚೀಲ ಬಿಟ್ಟು ಬೇರೇನೂ ಸಿಗದಿದ್ದರೆ ಅದರ ಒಂದು ಪಾಲಿಗೆ ಕಾಳು ಮೂರು ಪಾಲು ಹಾಕಿ. ಬಿಚ್ಚಿದ ಕೋಕೋಪೀಟ್ ಅಥವಾ ಪೀಟ್ ಚೀಲವನ್ನು ತೇವ ಇರುವಾಗ ಬಾಯಿ ಕಟ್ಟಿ ಇಟ್ಟರೆ ಫಂಗಸ್ ನೊಣಗಳು ಮೊಟ್ಟೆ ಇಡುತ್ತವೆ, ಒಣಗಿಸಿಯೇ ಇಡಿ. ಗ್ರಿಟ್ಟಿ ಮಿಕ್ಸನ್ನು ಎಷ್ಟು ದಿನ ಬೇಕಾದರೂ ಇಡಬಹುದು. ಕೀಟ, ಕೊಳೆ ಇಲ್ಲದ ಗಿಡದ ಕುಂಡದಿಂದ ತೆಗೆದದ್ದಾದರೆ ತೊಳೆದು, ಜರಡಿ ಹಿಡಿದು, ಬಿಸಿಲಿಗೆ ಹರಡಿ ಮತ್ತೆ ಬಳಸಲೂಬಹುದು.